ಟಾರ್ಮೊಗೋಯ್ಫ್ ಸತ್ತಿತೋ ಬದುಕಿತೋ? ಗ್ರೇವ್‌ಯಾರ್ಡ್ ನೋಡದೆ ಹೇಳಲು ಬರುವುದಿಲ್ಲ

ನೀವು ಕೇಳಿದ್ದು ಇಷ್ಟು: ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುವಾಗ ನಿಮ್ಮ 2/3 (ಪವರ್ ಅಂದರೆ ಹೊಡೆಯುವ ಶಕ್ತಿ 2, ಟಫ್‌ನೆಸ್ ಅಂದರೆ ತಡೆಯುವ ಶಕ್ತಿ 3) ಟಾರ್ಮೊಗೋಯ್ಫ್ ಕ್ರೀಚರ್ ಮೇಲೆ ಗೆಳೆಯ ಲೈಟ್ನಿಂಗ್ ಬೋಲ್ಟ್ ಹಾಕಿದ. ಬೋಲ್ಟ್ 3 ಡ್ಯಾಮೇಜ್ ಮಾಡುತ್ತದೆ, ಟಫ್‌ನೆಸ್ 3, ಸತ್ತಿತು ಅಂತ ಅವನು. ಇಲ್ಲ, ಬದುಕುತ್ತದೆ ಅಂತ ನೀವು. ಅರ್ಧ ಗಂಟೆ ಜಗಳ. ಯಾರು ಸರಿ? ಮತ್ತೆ ಇಂಥ ತಕರಾರು ಬಂದಾಗ ತೀರ್ಮಾನ ಮಾಡೋದು ಹೇಗೆ?

ಯಾರು ಸರಿ ಅಂತ ನಾನು ಈಗಲೇ ಹೇಳಲಾರೆ. ಬೇಕಾದ ಒಂದು ವಿಷಯವನ್ನೇ ನೀವು ಬರೆದಿಲ್ಲ. ಗ್ರೇವ್‌ಯಾರ್ಡಿನಲ್ಲಿ, ಅಂದರೆ ಸತ್ತ, ಬಳಸಿ ಮುಗಿದ ಕಾರ್ಡುಗಳ ರಾಶಿಯಲ್ಲಿ, ಏನೇನಿತ್ತು?

ಟಾರ್ಮೊಗೋಯ್ಫ್ ಕಾರ್ಡನ್ನು ಇನ್ನೊಮ್ಮೆ ಓದಿ. ಎಲ್ಲರ ಗ್ರೇವ್‌ಯಾರ್ಡುಗಳಲ್ಲೂ ಸೇರಿ ಎಷ್ಟು ಬಗೆಯ ಕಾರ್ಡುಗಳಿವೆಯೋ ಅದೇ ಅದರ ಪವರ್. ಟಫ್‌ನೆಸ್ ಅದಕ್ಕಿಂತ ಒಂದು ಜಾಸ್ತಿ. 2/3 ಇತ್ತು ಅಂದರೆ ಆಗ ಎರಡು ಬಗೆ ಇದ್ದವು. ಅವು ಲ್ಯಾಂಡ್ ಮತ್ತು ಕ್ರೀಚರ್ ಆಗಿದ್ದರೆ ನೀವು ಸರಿ. ಎರಡರಲ್ಲಿ ಒಂದು ಇನ್‌ಸ್ಟಂಟ್ (ಬೋಲ್ಟ್ ಕೂಡ ಇದೇ ಬಗೆ) ಆಗಿದ್ದರೆ ನಿಮ್ಮ ಗೆಳೆಯ ಸರಿ.

ನಿಮ್ಮ ಗೆಳೆಯ ಎಲ್ಲಿ ತಕರಾರು ತೆಗೆದಿರುತ್ತಾನೆ ಅಂತ ಊಹಿಸಬಲ್ಲೆ. "ಡ್ಯಾಮೇಜ್ ಬಿದ್ದಾಗ ಅದು 2/3 ಆಗಿಯೇ ಇತ್ತಲ್ಲ!" ಹೌದು, ಇತ್ತು. ಆದರೆ ಒಂದು ಸ್ಪೆಲ್ (ಹಾಕಿದ ಕಾರ್ಡ್) ರಿಸಾಲ್ವ್ ಆಗಿ, ಅಂದರೆ ಅದರ ಕೆಲಸ ನಡೆದು, ಪೂರ್ತಿ ಮುಗಿಯುವ ತನಕ ಆಟ ಕಣ್ಣು ಮುಚ್ಚಿಕೊಂಡಿರುತ್ತದೆ. ಮಧ್ಯದಲ್ಲಿ ಯಾರು ಸತ್ತರು ಅಂತ ನೋಡುವುದಿಲ್ಲ. ಬೋಲ್ಟ್ 3 ಡ್ಯಾಮೇಜ್ ಮಾಡುತ್ತದೆ. ಆಮೇಲೆ ಬೋಲ್ಟೇ ಗ್ರೇವ್‌ಯಾರ್ಡಿಗೆ ಹೋಗುತ್ತದೆ, ಅದು ರಿಸಾಲ್ವ್ ಆಗುವುದರ ಕೊನೇ ಹೆಜ್ಜೆ. ಅದೂ ಮುಗಿದ ಮೇಲೆ, ಯಾರಿಗಾದರೂ ಪ್ರಯಾರಿಟಿ (ಮುಂದೆ ಏನಾದರೂ ಆಡುವ ಅವಕಾಶ) ಸಿಗುವ ಮೊದಲು, ಆಟ ಕಣ್ಣು ಬಿಟ್ಟು ನೋಡುತ್ತದೆ. ಇದನ್ನೇ ಸ್ಟೇಟ್-ಬೇಸ್ಡ್ ಆಕ್ಷನ್ ಅನ್ನುವುದು. ಆ ಹೊತ್ತಿಗೆ ಗ್ರೇವ್‌ಯಾರ್ಡಿನಲ್ಲಿ ಲ್ಯಾಂಡ್, ಕ್ರೀಚರ್, ಜೊತೆಗೆ ಈಗಷ್ಟೇ ಬಂದ ಇನ್‌ಸ್ಟಂಟ್. ಟಾರ್ಮೊಗೋಯ್ಫ್ 3/4 ಆಗಿದೆ, ಮೈಮೇಲೆ 3 ಡ್ಯಾಮೇಜ್ ಇದೆ. ಬದುಕಿತು.

ಯಾರೋ ನಾಲ್ಕು ಟರ್ನ್ ಹಿಂದೆ ಆಡಿದ ಕೌಂಟರ್‌ಸ್ಪೆಲ್ ಅನ್ನುವ ಇನ್‌ಸ್ಟಂಟ್ ಒಂದು ಅಲ್ಲಿ ಮೊದಲೇ ಬಿದ್ದಿತ್ತು ಅಂದುಕೊಳ್ಳಿ. ಆಗ ಬೋಲ್ಟ್ ಹೋಗಿ ಸೇರಿದರೂ ಬಗೆಗಳು ಎರಡೇ. ಸತ್ತಿತು. ಎರಡು ಬಗೆ ಅಂದರೆ ಎರಡು ಕಾರ್ಡ್ ಅಂತಲೂ ಅಲ್ಲ. ಆರ್ಟಿಫ್ಯಾಕ್ಟ್ ಕ್ರೀಚರ್ ಒಂದೇ ಇದ್ದರೂ ಅದು ಎರಡು ಬಗೆಯ ಲೆಕ್ಕ.

ಈಗ ತೀರ್ಮಾನ ಮಾಡೋದು ಹೇಗೆ ಅನ್ನುವ ವಿಷಯ. ನನ್ನ ಅನುಭವದಲ್ಲಿ ಮ್ಯಾಜಿಕ್ ಜಗಳಗಳಲ್ಲಿ ಹೆಚ್ಚಿನವು ನಿಯಮ ಗೊತ್ತಿಲ್ಲದ್ದಕ್ಕೆ ಬರುವುದಿಲ್ಲ. ಕಾರ್ಡಿನ ಪದಗಳನ್ನು ಸರಿಯಾಗಿ ಓದಿರುವುದಿಲ್ಲ, ಇಲ್ಲವೇ ಈಗ ಆಟ ಯಾವ ಹಂತದಲ್ಲಿದೆ ಅಂತ ಕೇಳಿಕೊಂಡಿರುವುದಿಲ್ಲ. ಆದ್ದರಿಂದ ನಾನು ಮೊದಲು ಮಾಡುವುದು ಕಾರ್ಡನ್ನು ಜೋರಾಗಿ ಓದುವುದು. ನೆನಪಿನಿಂದ ಅಲ್ಲ, ಕಾರ್ಡ್ ನೋಡಿಕೊಂಡು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. "ಟಾರ್ಗೆಟ್" ಅನ್ನುವ ಪದ ಇದೆಯಾ? ಹೆಕ್ಸ್‌ಪ್ರೂಫ್ ಇರುವ (ಎದುರಾಳಿ ಟಾರ್ಗೆಟ್ ಮಾಡಲಾಗದ) ಕ್ರೀಚರ್ ರ‍್ಯಾತ್ ಆಫ್ ಗಾಡ್‌ಗೆ ಸಾಯುವುದು ಇದಕ್ಕೇ. ಅದು ಎಲ್ಲ ಕ್ರೀಚರುಗಳನ್ನೂ ನಾಶ ಮಾಡುತ್ತದೆ, ಯಾವುದನ್ನೂ ಟಾರ್ಗೆಟ್ ಮಾಡುವುದಿಲ್ಲ. "ಡೆಸ್ಟ್ರಾಯ್" ಅಂತಿದೆಯೋ "ಸ್ಯಾಕ್ರಿಫೈಸ್" ಅಂತಿದೆಯೋ? ಇನ್‌ಡಿಸ್ಟ್ರಕ್ಟಿಬಲ್ ಕ್ರೀಚರಿಗೆ ಮೊದಲನೆಯದು ತಾಗುವುದಿಲ್ಲ, ಎರಡನೆಯದು ಅದನ್ನು ಮುಗಿಸಿಬಿಡುತ್ತದೆ. ಸಾಲಿನ ಮಧ್ಯೆ ಎರಡು ಚುಕ್ಕಿಯ ಕೋಲನ್ ಇದೆಯಾ? ಅದರ ಎಡಗಡೆ ಇರುವುದೆಲ್ಲ ಬೆಲೆ. ಬೆಲೆ ಕೊಡುವಾಗ ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ. ಎದುರಾಳಿ ಕ್ರೀಚರನ್ನು ಸ್ಯಾಕ್ರಿಫೈಸ್ ಮಾಡಿ ಬೆಲೆ ಕೊಟ್ಟಾಗ "ತಡಿ, ಅದಕ್ಕೆ ಮುಂಚೆ ನಾನು ಅದನ್ನ ಕೊಲ್ತೀನಿ" ಅನ್ನಲು ಆಗುವುದಿಲ್ಲ.

ಕಾರ್ಡ್ ಹಳೆಯದಾದರೆ ಅದರ ಮೇಲೆ ಅಚ್ಚಾಗಿರುವುದನ್ನೂ ನಂಬಬೇಡಿ. ಆಟ ಶುರುವಾಗಿದ್ದು 1993ರಲ್ಲಿ. ಅಲ್ಲಿಂದ ಇಲ್ಲಿಗೆ ಪದಗಳು ಎಷ್ಟೋ ಬದಲಾಗಿವೆ. ಆಗ "ಆಟದಿಂದ ತೆಗೆದುಹಾಕು" ಅಂತ ಇದ್ದದ್ದು ಈಗ "ಎಕ್ಸೈಲ್". ಪ್ರತಿ ಕಾರ್ಡಿಗೂ ಈಗ ನಡೆಯುವ ಒಕ್ಕಣೆಗೆ ಒರೇಕಲ್ ಟೆಕ್ಸ್ಟ್ ಅನ್ನುತ್ತಾರೆ. ಆಟವನ್ನು ಹೊರತರುವ ವಿಝರ್ಡ್ಸ್ ಆಫ್ ದ ಕೋಸ್ಟ್‌ನವರ ಗ್ಯಾದರರ್ ತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ಅದರ ಕೆಳಗೆ ರೂಲಿಂಗ್ಸ್ ಅಂತ ಒಂದು ಭಾಗ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ, ಏಕೋ! ನಿಮಗೆ ಬಂದ ಅನುಮಾನ ಎಷ್ಟೋ ಸಲ ಬೇರೆಯವರಿಗೂ ಬಂದು, ಉತ್ತರ ಅಲ್ಲಿ ಕೂತಿರುತ್ತದೆ.

ಆಮೇಲೆ ಹಂತ. ಇದರಲ್ಲಿ ನಾನೇ ಎಡವಿದ್ದು ಹೇಳುತ್ತೇನೆ. ಪ್ರಾಡಿಗಲ್ ಸಾರ್ಸರರ್ ಅಂತ ಒಂದು ಕ್ರೀಚರ್ ಇದೆ, ಅದನ್ನು ಟ್ಯಾಪ್ ಮಾಡಿದರೆ (ಕಾರ್ಡನ್ನು ಅಡ್ಡ ತಿರುಗಿಸಿದರೆ) ಯಾರಿಗಾದರೂ 1 ಡ್ಯಾಮೇಜ್. ಎದುರಾಳಿ ಅದನ್ನು ಟ್ಯಾಪ್ ಮಾಡಿದ ತಕ್ಷಣ ನಾನು ಖುಷಿಯಿಂದ ಬೋಲ್ಟ್ ಹಾಕುತ್ತಿದ್ದೆ. ಕೊಂದೆ, ಆದ್ದರಿಂದ ನನಗೆ ಡ್ಯಾಮೇಜ್ ಇಲ್ಲ ಅಂತ. ನಮ್ಮ ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಎರಡು ವರ್ಷ ಹೀಗೇ ಆಡಿದೆವು! ಹೊಸದಾಗಿ ಬಂದ ಒಬ್ಬ ಹುಡುಗ ನಗುತ್ತಾ, "ಅಣ್ಣಾ, ಬಾಣ ಬಿಟ್ಟಾಗಿದೆ, ಈಗ ಬಿಲ್ಲುಗಾರನ್ನ ಕೊಂದ್ರೆ ಬಾಣ ನಿಲ್ಲುತ್ತಾ?" ಅಂದ. ನಿಲ್ಲುವುದಿಲ್ಲ. ಅಬಿಲಿಟಿ ಒಮ್ಮೆ ಸ್ಟ್ಯಾಕಿಗೆ ಹೋದ ಮೇಲೆ ಅದಕ್ಕೂ ಆ ಕ್ರೀಚರಿಗೂ ಸಂಬಂಧ ಇಲ್ಲ. ಎಷ್ಟು ಆಟ ಹಾಗೆ ಸುಮ್ನೆ ಗೆದ್ದಿದ್ದೆನೋ, ಲೆಕ್ಕ ಹಾಕಲು ಹೋಗಲಿಲ್ಲ.

ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಇಟ್ಟ ರಾಶಿ, ಕೊನೆಗೆ ಇಟ್ಟದ್ದು ಮೊದಲು ನಡೆಯುತ್ತದೆ. ನಿಮ್ಮದೊಂದು 2/2 ಗ್ರಿಜ್ಲಿ ಬೇರ್ಸ್ ಇದೆ. ನಾನು ಬೋಲ್ಟ್ ಹಾಕಿದೆ, ನೀವು ಅದಕ್ಕೆ ಉತ್ತರವಾಗಿ +3/+3 ಕೊಡುವ ಜೈಂಟ್ ಗ್ರೋತ್ ಹಾಕಿದಿರಿ. ಗ್ರೋತ್ ಮೊದಲು ನಡೆದು ಕರಡಿ 5/5 ಆಯಿತು, 3 ಡ್ಯಾಮೇಜ್ ತಡೆದುಕೊಂಡಿತು. ಈಗ ಉಲ್ಟಾ ಮಾಡಿ. ನೀವೇ ಮೊದಲು ಗ್ರೋತ್ ಹಾಕಿದಿರಿ, ಉತ್ತರವಾಗಿ ನಾನು ಬೋಲ್ಟ್ ಹಾಕಿದೆ. ಬೋಲ್ಟ್ ಮೊದಲು, ಕರಡಿ ಸತ್ತಿತು, ಗ್ರೋತಿಗೆ ಟಾರ್ಗೆಟ್ಟೇ ಇಲ್ಲ. ಅವೇ ಎರಡು ಕಾರ್ಡ್. ಆದ್ದರಿಂದ ಜಗಳದ ನಡುವೆ "ಮೊದಲು ಯಾರು ಏನು ಹಾಕಿದರು" ಅಂತ ಕೇಳಿ, ಕಾರ್ಡುಗಳನ್ನು ಮೇಜಿನ ಮೇಲೆ ಅದೇ ಕ್ರಮದಲ್ಲಿ ಒಂದರ ಮೇಲೊಂದು ಇಡಿ. ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಂಡರೆ ಬೇಗ ಒಪ್ಪುತ್ತಾರೆ. ಅಂದ ಹಾಗೆ, ಟರ್ನ್ ಮುಗಿಯುವಾಗ ಗ್ರೋತ್ ಇಳಿದು ಕರಡಿ ಸಾಯುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಮೈಮೇಲಿನ ಡ್ಯಾಮೇಜೂ ಗ್ರೋತೂ ಒಟ್ಟಿಗೇ ಅಳಿಸಿಹೋಗುತ್ತವೆ.

ಎರಡು ಕಡೆಯೂ ಒಂದೇ ಸಲಕ್ಕೆ ಟ್ರಿಗರ್ ಆದರೆ, ಅಂದರೆ ಅಬಿಲಿಟಿ ತಾನಾಗಿ ಶುರುವಾದರೆ? ಇಬ್ಬರ ಬಳಿಯೂ ಬ್ಲಡ್ ಆರ್ಟಿಸ್ಟ್ ಇದೆ (ಯಾವುದೇ ಕ್ರೀಚರ್ ಸತ್ತರೆ ಅದು ಒಬ್ಬ ಆಟಗಾರನಿಂದ 1 ಲೈಫ್ ಕಳೆದು, ತನ್ನ ಒಡೆಯನಿಗೆ 1 ಲೈಫ್ ಕೊಡುತ್ತದೆ), ಇಬ್ಬರಿಗೂ 1 ಲೈಫ್ ಮಾತ್ರ ಉಳಿದಿದೆ, ಯಾವುದೋ ಕ್ರೀಚರ್ ಸತ್ತಿತು. ಯಾರ ಟರ್ನ್ ನಡೆಯುತ್ತಿದೆಯೋ ಅವರ ಟ್ರಿಗರ್ ಸ್ಟ್ಯಾಕಿನಲ್ಲಿ ಕೆಳಗೆ, ಇನ್ನೊಬ್ಬರದು ಮೇಲೆ. ಮೇಲಿನದು ಮೊದಲು ನಡೆಯುತ್ತದೆ ಅಲ್ವಾ? ಆದ್ದರಿಂದ ಟರ್ನ್ ಯಾರದೋ ಅವರೇ ಸೋತರು. ಇದನ್ನು ಮೊದಲ ಸಲ ಕೇಳಿದಾಗ ಯಾರೂ ಒಪ್ಪುವುದಿಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ಮಾತ್ರ ದೊಡ್ಡ ನಿಯಮ ಪುಸ್ತಕ, ಕಾಂಪ್ರಹೆನ್ಸಿವ್ ರೂಲ್ಸ್. ಮೊದಲಿಂದ ಕೊನೆಯವರೆಗೆ ಓದುವ ಪುಸ್ತಕ ಅಲ್ಲ ಅದು. ನಿಯಮಗಳಿಗೆ ನಂಬರ್ ಇದೆ: 500ರಲ್ಲಿ ಟರ್ನಿನ ಹಂತಗಳು, 600ರಲ್ಲಿ ಸ್ಪೆಲ್ ಮತ್ತು ಅಬಿಲಿಟಿಗಳು, 704ರಲ್ಲಿ ಸ್ಟೇಟ್-ಬೇಸ್ಡ್ ಆಕ್ಷನ್. ಪದ ಹಾಕಿ ಹುಡುಕಿದರೆ ಸಾಕು. 101ನೇ ನಿಯಮ ಮಾತ್ರ ಈಗಲೇ ಓದಿಕೊಳ್ಳಿ. ಕಾರ್ಡಿಗೂ ನಿಯಮಕ್ಕೂ ತಾಳೆ ಆಗದಿದ್ದರೆ ಕಾರ್ಡಿನ ಮಾತೇ ನಡೆಯುತ್ತದೆ. ಒಂದು ಕಾರ್ಡ್ "ಮಾಡಬಹುದು" ಅಂದು ಇನ್ನೊಂದು "ಮಾಡಬಾರದು" ಅಂದರೆ "ಮಾಡಬಾರದು" ಗೆಲ್ಲುತ್ತದೆ.

ಹಲವು ಕಾರ್ಡುಗಳ ಪರಿಣಾಮ ಯಾವ ಕ್ರಮದಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವ 613ನೇ ನಿಯಮ ನಿಜಕ್ಕೂ ತಲೆನೋವು. ಬ್ಲಡ್ ಮೂನ್ (ಬೇಸಿಕ್ ಅಲ್ಲದ ಲ್ಯಾಂಡುಗಳನ್ನು ಮೌಂಟನ್ ಮಾಡುತ್ತದೆ) ಮತ್ತು ಅರ್ಬೋರ್ಗ್, ಟೂಂಬ್ ಆಫ್ ಯಾಗ್ಮಾತ್ (ಎಲ್ಲ ಲ್ಯಾಂಡುಗಳನ್ನೂ ಸ್ವಾಂಪ್ ಕೂಡ ಮಾಡುವ ಲ್ಯಾಂಡ್) ಎರಡೂ ಮೇಜಿನ ಮೇಲಿದ್ದರೆ, ಆಮೇಲೆ ಬಂದದ್ದು ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಯಾವುದು ಯಾವಾಗ ಬಂದರೂ ಅರ್ಬೋರ್ಗ್ ಬರೀ ಮೌಂಟನ್ ಆಗಿಬಿಡುತ್ತದೆ, ಅದರ ಅಬಿಲಿಟಿಯೇ ಹೋಗುತ್ತದೆ. ಇಂಥ ಜಾಗದಲ್ಲಿ ನಾನು ತರ್ಕ ಮಾಡುವುದನ್ನೇ ಬಿಟ್ಟು ರೂಲಿಂಗ್ಸ್ ನೋಡುತ್ತೇನೆ.

ಟೂರ್ನಮೆಂಟಿನಲ್ಲಾದರೆ ಇದ್ಯಾವ ರಗಳೆಯೂ ಬೇಡ. ಕೈ ಎತ್ತಿ ಜಡ್ಜ್ ಕರೆಯಿರಿ. ಕರೆದರೆ ಎದುರಿನವರ ಮೇಲೆ ದೂರು ಕೊಟ್ಟ ಹಾಗಲ್ಲ. ಮನೆಯಲ್ಲಿ ಆಡುವಾಗ ಐದು ನಿಮಿಷದಲ್ಲಿ ಉತ್ತರ ಸಿಗದಿದ್ದರೆ ನಾವು ನಾಣ್ಯ ಹಾರಿಸಿ ಆಟ ಮುಂದುವರಿಸುತ್ತೇವೆ. ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಹುಡುಕುತ್ತೇವೆ. ಬರೆಯುವಾಗ ಯಾರ ಟರ್ನ್, ಯಾವ ಹಂತ, ಎಲ್ಲಿ ಏನಿತ್ತು, ಎಲ್ಲ ಬರೆಯುತ್ತೇವೆ. ಅದಿಲ್ಲದಿದ್ದರೆ ಮಾರನೇ ದಿನ ಆ ಚೀಟಿ ನಮಗೇ ಅರ್ಥ ಆಗುವುದಿಲ್ಲ.

ನಿಮ್ಮ ಆಟದ ಗ್ರೇವ್‌ಯಾರ್ಡ್ ನೆನಪಾದರೆ ಇಲ್ಲಿ ಬರೆಯಿರಿ, ಹೇಳುತ್ತೇನೆ. ನಿಮ್ಮದು ಮಾತ್ರ ಅಲ್ಲ, ಗೆಳೆಯನದೂ ಸೇರಿಸಿ.