ಅಮ್ಮ ಕಾದ ಆ 3 ಗಂಟೆ ಎಲ್ಲಿ ಹೋಯಿತು?

ಮೂಳೆ ಸ್ಕ್ಯಾನಿನ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಇನ್ನೊಮ್ಮೆ ಓದಿದೆ. ನಿಮ್ಮ ಅಮ್ಮನನ್ನು ಮೂಳೆ ಸ್ಕ್ಯಾನಿಗೆ ಮಂಗಳೂರಿಗೆ ಕರೆದುಕೊಂಡು ಹೋದದ್ದು, ಟ್ರೇಸರಿನ, ಅಂದರೆ ಮೈಯಲ್ಲಿ ಎಲ್ಲಿದೆ ಅಂತ ಕ್ಯಾಮೆರಾ ಪತ್ತೆಹಚ್ಚಬಲ್ಲ ವಿಕಿರಣಶೀಲ ವಸ್ತುವಿನ, ಇಂಜೆಕ್ಷನ್ ಕೊಟ್ಟು '3 ಗಂಟೆ ಕಾಯಿರಿ, ನೀರು ಜಾಸ್ತಿ ಕುಡಿಯಿರಿ' ಅಂತ ಕೂರಿಸಿದ್ದು, ಆ ಭಾಗ ಚೆನ್ನಾಗಿದೆ. ಭಾಷೆ ಸರಾಗ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ ನೋಡುವ.

'ಮೊದಲ ಮಳೆಗೆ ಮುರಕಲ್ಲು ನೀರು ಕುಡಿದ ಹಾಗೆ ಮೂಳೆ ಟ್ರೇಸರನ್ನು ಹೀರಿಕೊಳ್ಳುತ್ತದೆ.' ಓದಲು ಚಂದ. ಆದರೆ ಕಲ್ಲು ಸುಮ್ನೆ ಬಿದ್ದಿರುತ್ತದೆ, ಮೂಳೆ ಹಾಗಲ್ಲ. ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರುತ್ತದೆ. ವಿಜ್ಞಾನಿ ಹೆವೆಶಿ 1935ರಲ್ಲೇ ಇಲಿಗಳಿಗೆ ವಿಕಿರಣಶೀಲ ರಂಜಕ ಕೊಟ್ಟು ಇದನ್ನು ತೋರಿಸಿದ್ದರು. ಅಮ್ಮನಿಗೆ ಕೊಟ್ಟದ್ದು ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಸೇರಿಸಿದ, ಮೂಳೆಗೆ ಅಂಟುವ ಎಂಡಿಪಿ ಎಂಬ ರಾಸಾಯನಿಕ ಅಲ್ವಾ? ಅದು ರಕ್ತ ಹೆಚ್ಚು ಹರಿಯುವ ಕಡೆ ಹೆಚ್ಚು ತಲುಪುತ್ತದೆ, ಹೊಸ ಖನಿಜ ಕೂರುತ್ತಿರುವ ಕಡೆ ಹೆಚ್ಚು ಅಂಟುತ್ತದೆ. ತಲುಪುವುದು ಬೇರೆ, ಅಂಟುವುದು ಬೇರೆ. 'ಹೀರು' ಎಂಬ ಒಂದು ಪದ ಎರಡನ್ನೂ ನುಂಗಿಹಾಕಿದೆ.

ಅದರ ಮುಂದಿನ ಸಾಲು, 'ಹೆಚ್ಚು ಹೀರಿದ ಜಾಗ ಕಪ್ಪಾಗಿ ಕಾಣುತ್ತದೆ, ಅಲ್ಲೇ ಕಾಯಿಲೆ.' ಇದನ್ನು ನಾನು ಅಚ್ಚಿಗೆ ಕಳಿಸಲಾರೆ. ಕೂಡಿಕೊಳ್ಳುತ್ತಿರುವ ಮುರಿತ, ಸವೆದ ಮಂಡಿ, ಬೆಳೆಯುವ ಮಕ್ಕಳ ಮೂಳೆಯ ತುದಿ, ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ರಿಪೋರ್ಟ್ ಕೈಯಲ್ಲಿ ಹಿಡಿದವರು ಈ ಸಾಲು ಓದಿದರೆ ಆ ರಾತ್ರಿ ಅವರಿಗೆ ನಿದ್ದೆ ಬರುತ್ತದಾ?

'6 ಗಂಟೆಗೆ ಅರ್ಧ ಟ್ರೇಸರ್ ಮೂಳೆ ಬಿಟ್ಟು ಹೋಗುತ್ತದೆ.' ಇಲ್ಲ. 6 ಗಂಟೆ ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ. ಮುಚ್ಚಿದ ಸೀಸೆಯಲ್ಲಿಟ್ಟರೂ 6 ಗಂಟೆಗೆ ಅದರ ವಿಕಿರಣ ಅರ್ಧವಾಗುತ್ತದೆ, 24 ಗಂಟೆಗೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಮೈಯಿಂದ ಹೊರಗೆ ಹೋಗುವ ದಾರಿ ಬೇರೆ, ಅದು ಮೂತ್ರಪಿಂಡದ್ದು. ಅಮ್ಮನಿಗೆ ನೀರು ಕುಡಿಯಲು ಹೇಳಿದ್ದು ಅದಕ್ಕೇ. ನೀವೇ ಬರೆದ ನೀರಿನ ಲೋಟ ಮುಂದಿನ ಪುಟದಲ್ಲಿ ನಿಮಗೇ ಮರೆತುಹೋಯಿತು.

ಆಗ ನನಗೆ 22 ವರ್ಷ, ಉಡುಪಿಯಲ್ಲಿ ಒಂದು ಪತ್ರಿಕೆಗೆ ಕರಡು ತಿದ್ದುತ್ತಿದ್ದೆ. ಬೇಸಿಗೆಯ ಬಾವಿಗಳ ಬಗ್ಗೆ ನನ್ನ ಮೊದಲ ಬರಹ ಕೊಟ್ಟಾಗ ಅದರಲ್ಲಿ 'ಬಾವಿಯಲ್ಲಿ 8 ಮೊಳ ನೀರಿದೆ' ಅಂತ ಇತ್ತು. ಹಿರಿಯ ಉಪಸಂಪಾದಕರು ಆ ಸಾಲಿನ ಮೇಲೆ ಬೆರಳಿಟ್ಟು 'ಯಾವಾಗ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಂಜಿಬೆಟ್ಟಿನ ತಮ್ಮ ಮನೆಗೆ ಕರೆದುಕೊಂಡು ಹೋಗಿ, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಕೈಗೆ ಕೊಟ್ಟು, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆಯಲು ಹೇಳಿದರು. ನಾಲ್ಕನೇ ದಿನಕ್ಕೆ ನನಗೆ ತಿಳಿಯಿತು. ದಿನಾ ಬೆಳಿಗ್ಗೆ ಅದೇ 8 ಮೊಳ, ಆದರೆ ನೀರು ಅದೇ ಅಲ್ಲ. ಮನೆಯವರು ಸೇದುತ್ತಿದ್ದರು, ಒರತೆ ಬರುತ್ತಿತ್ತು. ಒಂದೇ ಸಲ ಹಗ್ಗ ಇಳಿಸಿದರೆ ಬರುವ ವೇಗವೂ ಕಾಣುವುದಿಲ್ಲ, ಹೋಗುವ ವೇಗವೂ ಕಾಣುವುದಿಲ್ಲ.

ಅದಕ್ಕೇ ನಿಮ್ಮ ಲೇಖನದ ಈ ಸಾಲು ನನ್ನನ್ನು ಇಷ್ಟು ಕಾಡಿತು: 'ಆಮೇಲೆ ಕಂಪ್ಯೂಟರ್ ಮಾದರಿ ನಾಲ್ಕು ಸಂಖ್ಯೆ ಕೊಡುತ್ತದೆ.' ಅಷ್ಟೇನಾ? ಲೇಖನ ಇರುವುದೇ ಅಲ್ಲಿ! 1992ರಲ್ಲಿ ಹಾಕಿನ್ಸ್ ಮತ್ತು ಜೊತೆಯವರು ಫ್ಲೋರಿನ್-18 ಫ್ಲೋರೈಡ್ ಎಂಬ ಇನ್ನೊಂದು ಮೂಳೆ ಟ್ರೇಸರಿನ ಪೆಟ್ ಸ್ಕ್ಯಾನಿಗೆ (ಅದೂ ಟ್ರೇಸರಿನ ವಿಕಿರಣ ಹಿಡಿದು ಚಿತ್ರ ತೆಗೆಯುವ ಬೇರೆ ಬಗೆಯ ಸ್ಕ್ಯಾನ್) ಮಾಡಿದ ಮಾದರಿಯಲ್ಲಿ ಮೂರು ಕೋಣೆಗಳಿವೆ: ರಕ್ತದ ಪ್ಲಾಸ್ಮಾ, ಮೂಳೆಯ ಸುತ್ತಲಿನ ದ್ರವ, ಮೂಳೆಯ ಖನಿಜ. ಕೆ1 ಅಂದರೆ ರಕ್ತದಿಂದ ದ್ರವಕ್ಕೆ, ಕೆ2 ಅಲ್ಲಿಂದ ವಾಪಸ್ ರಕ್ತಕ್ಕೆ. ಕೆ3 ದ್ರವದಿಂದ ಖನಿಜಕ್ಕೆ, ಕೆ4 ಖನಿಜದಿಂದ ವಾಪಸ್. ನಾಲ್ಕೂ ವೇಗಗಳು. ಕೆ1ನ್ನು ಕೆ3ರಿಂದ ಗುಣಿಸಿ, ಕೆ2 ಮತ್ತು ಕೆ3ರ ಮೊತ್ತದಿಂದ ಭಾಗಿಸಿದರೆ ಪ್ಲಾಸ್ಮಾದಿಂದ ಖನಿಜಕ್ಕೆ ಒಟ್ಟಾರೆ ಸೇರುವ ವೇಗ ಸಿಗುತ್ತದೆ. ರಕ್ತ ಜಾಸ್ತಿ ಬಂದು ಕಪ್ಪಾಯಿತಾ, ಕಟ್ಟುವ ಕೆಲಸ ಜೋರಾಗಿ ಕಪ್ಪಾಯಿತಾ ಅಂತ ಬಿಡಿಸಲು ಈ ವೇಗಗಳು ಬೇಕು. 3 ಗಂಟೆ ಕಾದು ತೆಗೆದ ಒಂದು ಚಿತ್ರದಿಂದ ಅದು ಆಗದು. ಇಂಜೆಕ್ಷನ್ ಕೊಟ್ಟ ಗಳಿಗೆಯಿಂದ ಮತ್ತೆ ಮತ್ತೆ ಚಿತ್ರ ಬೇಕು, ಆ ಹೊತ್ತಿಗೆಲ್ಲ ರಕ್ತದಲ್ಲಿ ಎಷ್ಟಿತ್ತು ಅನ್ನುವ ಲೆಕ್ಕವೂ ಬೇಕು.

ಮುರಕಲ್ಲು ತೆಗೆಯಿರಿ. ಅಮ್ಮ ಬೆಂಚಿನ ಮೇಲೆ ಕೂತಿದ್ದ ಆ 3 ಗಂಟೆ ಬರೆಯಿರಿ. ಮೊದಲ ನಿಮಿಷಗಳಲ್ಲಿ ಟ್ರೇಸರ್ ಎಲ್ಲಿತ್ತು, ಒಂದು ಗಂಟೆಯಾದಾಗ ಎಲ್ಲಿ, ಅವರು ಬಾತ್‌ರೂಮಿಗೆ ಹೋಗಿ ಬಂದಾಗ ಏನು ಕಡಿಮೆಯಾಯಿತು, ರಕ್ತದಲ್ಲಿ ಇಳಿದು ಮೂಳೆ ಎದ್ದು ಕಾಣಲು ಯಾಕೆ ಅಷ್ಟು ಹೊತ್ತು ಬೇಕಾಯಿತು. 15 ದಿನ ಕೊಡುತ್ತೇನೆ, ಅಲ್ಲಿವರೆಗೆ ಆ ಪುಟ ಬೇರೆ ಯಾರಿಗೂ ಕೊಡುವುದಿಲ್ಲ.