ಬೋಲ್ಕೆ, ಇಮ್ಮೆಲ್ಮಾನ್ ನಡುವೆ ಪೈಪೋಟಿ ಇತ್ತು, ಹಗೆಯಲ್ಲ

ಒಂದನೇ ಮಹಾಯುದ್ಧದ ಜರ್ಮನ್ ಪೈಲಟ್‌ಗಳಾದ ಬೋಲ್ಕೆ ಮತ್ತು ಇಮ್ಮೆಲ್ಮಾನ್ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. 1915ರಲ್ಲಿ ಇಬ್ಬರೂ ಫ್ರಾನ್ಸಿನ ದುಯೇಯಲ್ಲಿ ಒಂದೇ ತುಕಡಿಯಲ್ಲಿದ್ದರು, ಎಷ್ಟೋ ಸಲ ಜೊತೆಯಾಗಿಯೇ ಹಾರುತ್ತಿದ್ದರು. ತಿರುಗುವ ಪ್ರೊಪೆಲರ್‌ನ ಅಲಗುಗಳ ನಡುವಿನಿಂದಲೇ ಗುಂಡು ಹಾರಿಸುವ ಫೋಕರ್ ವಿಮಾನ ಆಗಷ್ಟೇ ಬಂದಿತ್ತು, ಅದು ಸಿಕ್ಕ ಮೊದಲಿಗರಲ್ಲಿ ಇವರೂ ಇದ್ದರು, ಹಾಗಾಗಿ ಯಾರು ಎಷ್ಟು ವಿಮಾನ ಉರುಳಿಸಿದರು ಅನ್ನುವ ಲೆಕ್ಕ ಸಹಜವಾಗಿಯೇ ಶುರುವಾಯಿತು. ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಬಂದು ಸೇರುತ್ತಿದ್ದರು. 1916ರ ಜನವರಿ 12ರಂದು ಇಬ್ಬರ ಲೆಕ್ಕವೂ 8. ಅದೇ ದಿನ ಇಬ್ಬರಿಗೂ ಆಗಿನ ಜರ್ಮನಿಯ ದೊಡ್ಡ ಸೇನಾ ಗೌರವವಾದ ಪೂರ್ ಲ ಮೆರಿಟ್ ಪದಕ ಬಂತು.

ನನಗೆ ಬೋಲ್ಕೆ ಜಾಸ್ತಿ ಇಷ್ಟ. ದುಯೇಯ ಕಾಲುವೆಯಲ್ಲಿ ಮುಳುಗುತ್ತಿದ್ದ ಫ್ರೆಂಚ್ ಹುಡುಗನನ್ನು, ಶತ್ರು ದೇಶದವನು ಅಂತ ನೋಡದೆ, ಹಾರಿ ಕಾಪಾಡಿದವನು ಅವನು. ಇಮ್ಮೆಲ್ಮಾನ್ 1916ರ ಜೂನ್‌ನಲ್ಲಿ ಸತ್ತ. ಬೋಲ್ಕೆ ಅಕ್ಟೋಬರ್‌ನಲ್ಲಿ, ಅದೂ ತನ್ನದೇ ತುಕಡಿಯ ಗೆಳೆಯನ ವಿಮಾನ ತಗುಲಿ. ಆಗ ಅವನ ಲೆಕ್ಕ 40. ಬ್ರಿಟಿಷ್ ಪೈಲಟ್‌ಗಳು ಆಕಾಶದಿಂದ ಅವನಿಗಾಗಿ ಹೂವಿನ ಹಾರ ಇಳಿಸಿ ಹೋದರು.