ಎಂಜಿನ್ ಆಯಿಲ್: ಡಬ್ಬದ ಹಿಂಬದಿ ಓದಿ ಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಆಯಿಲ್ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಂಗಡಿಯಲ್ಲಿ ಒಂದೇ ಕಂಪನಿಯ ಮೂರು ಡಬ್ಬ ತೋರಿಸಿದರು: ಮಿನರಲ್, ಸೆಮಿ ಸಿಂಥೆಟಿಕ್, ಫುಲ್ಲಿ ಸಿಂಥೆಟಿಕ್. ಎಂಜಿನ್ ಬಹುಕಾಲ ಬಾಳಬೇಕು ಅಂದರೆ ‘ಫುಲ್ಲಿ ಸಿಂಥೆಟಿಕ್’ ಅಂತ ಬರೆದಿರುವುದನ್ನು ಕೊಂಡರೆ ಸಾಕೇ?

ಉತ್ತರ: ಸಾಲದು. ‘ಸಿಂಥೆಟಿಕ್’ ಎಂಬುದು ಮೂಲ ಎಣ್ಣೆ ಯಾವ ಬಗೆಯದೆಂದು ತಿಳಿಸುತ್ತದೆಯೇ ಹೊರತು, ಅದು ನಿಮ್ಮ ಎಂಜಿನ್‌ಗೆ ಹೊಂದುತ್ತದೋ ಇಲ್ಲವೋ ಎಂಬುದನ್ನಲ್ಲ.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಮೊದಲೆರಡು ಮಿನರಲ್. ಮೂರನೆಯದೂ ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೈಡ್ರೋಜನ್ ಹಾಯಿಸಿ, ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಅಣುಗಳ ರಚನೆಯನ್ನೇ ಬದಲಿಸಿದ್ದು. ನಾಲ್ಕನೆಯದು ಪಾಲಿ ಆಲ್ಫಾ ಓಲೆಫಿನ್ ಎಂಬ, ರಾಸಾಯನಿಕವಾಗಿ ತಯಾರಿಸಿದ ಎಣ್ಣೆ; ಐದನೆಯದರಲ್ಲಿ ಎಸ್ಟರ್ ಮುಂತಾದವು ಬರುತ್ತವೆ. ಮೂರನೆಯ ಗುಂಪನ್ನು ಸಿಂಥೆಟಿಕ್ ಎನ್ನಬಹುದೇ ಎಂಬ ಜಗಳ 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಳಿಯ ಮುಂದೆ ಬಂದಾಗ, ಎನ್ನಬಹುದು ಎಂದೇ ತೀರ್ಮಾನವಾಯಿತು. ಆಮೇಲೆ ಬಹುತೇಕ ‘ಸಿಂಥೆಟಿಕ್’ ಆಯಿಲ್‌ಗಳಲ್ಲಿ ಈ ಮೂರನೆಯ ಗುಂಪೇ ಮುಖ್ಯ ಪಾಲು. ಇದರಲ್ಲಿ ಮೋಸವೇನೂ ಇಲ್ಲ. ಚೆನ್ನಾಗಿ ತಯಾರಿಸಿದ ಮೂರನೆಯ ಗುಂಪಿನ ಆಯಿಲ್ ಉತ್ತಮವಾಗಿಯೇ ಕೆಲಸ ಮಾಡುತ್ತದೆ. ಮಿನರಲ್‌ಗಿಂತ ಅದು ಶಾಖಕ್ಕೆ ನಿಧಾನವಾಗಿ ಕೆಡುತ್ತದೆ, ಕಡಿಮೆ ಆವಿಯಾಗುತ್ತದೆ, ಚಳಿಯಲ್ಲೂ ಬೇಗ ಹರಿಯುತ್ತದೆ. ‘ಸೆಮಿ’ ಎಂಬುದರಲ್ಲಿ ಸಿಂಥೆಟಿಕ್ ಪಾಲು ಎಷ್ಟಿರಬೇಕು ಎಂಬುದಕ್ಕೆ ಎಲ್ಲ ಕಡೆಗೂ ಅನ್ವಯಿಸುವ ನಿಯಮವಿಲ್ಲ.

ಇನ್ನು ಡಬ್ಬದೊಳಗಿರುವುದು ಬರೀ ಮೂಲ ಎಣ್ಣೆಯಲ್ಲ. ಕೊಳೆ ತೊಳೆಯುವ ಡಿಟರ್ಜೆಂಟ್, ಮಸಿಯನ್ನು ತೇಲಿಸಿ ಹಿಡಿಯುವ ಡಿಸ್ಪರ್ಸೆಂಟ್, ಲೋಹಕ್ಕೆ ಲೋಹ ತಾಕುವ ಕಡೆ ಪದರ ಕಟ್ಟುವ ಸತು ಮತ್ತು ರಂಜಕದ ಸಂಯುಕ್ತ, ಹೀಗೆ ಹಲವು ರಾಸಾಯನಿಕಗಳು ಬೆರೆತಿರುತ್ತವೆ. ಎಂಜಿನ್ ಆಯುಷ್ಯದಲ್ಲಿ ಇವುಗಳ ಪಾತ್ರ ಮೂಲ ಎಣ್ಣೆಯದಕ್ಕಿಂತ ಕಡಿಮೆಯೇನಲ್ಲ. ಅದಕ್ಕಾಗಿಯೇ ಗಾಡಿಯ ಕೈಪಿಡಿ ಮೂರು ವಿಷಯ ಕೇಳುತ್ತದೆ: 5ಡಬ್ಲ್ಯು-30ರಂಥ ಗ್ರೇಡು, ಎಪಿಐ ಅಥವಾ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎ ಕೊಟ್ಟ ದರ್ಜೆ, ಮತ್ತು ಕೆಲವು ಕಂಪನಿಗಳಲ್ಲಿ ಅವರದೇ ಅನುಮೋದನೆ ಸಂಖ್ಯೆ. ಫೋಕ್ಸ್‌ವ್ಯಾಗನ್‌ನ 504 00 ಮತ್ತು 507 00, ಮರ್ಸಿಡಿಸ್‌ನ 229.52, ಜನರಲ್ ಮೋಟರ್ಸ್‌ನ ಡೆಕ್ಸೋಸ್ ಇಂಥವು. ಡಬ್ಬದ ಹಿಂಬದಿಯಲ್ಲಿ ಆ ಸಂಖ್ಯೆಗೆ ‘ಅನುಮೋದಿತ’ ಎಂದು ಬರೆದಿದ್ದರೆ ಗಾಡಿ ತಯಾರಕರು ಒಪ್ಪಿಗೆ ಕೊಟ್ಟಿದ್ದಾರೆ ಎಂದರ್ಥ. ‘ಸೂಕ್ತವಾಗಿದೆ’ ಎಂದಷ್ಟೇ ಇದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು. ಗ್ಯಾರಂಟಿ ಅವಧಿಯಲ್ಲಿರುವ ಗಾಡಿಗೆ ಅನುಮೋದಿತವನ್ನೇ ಹಾಕಿ.

ನೇರ ಇಂಜೆಕ್ಷನ್ ಇರುವ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ ಆಗಿದ್ದರೆ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇರಲಿ. ಇಂಥ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಅಪಾಯವೂ ಹೆಚ್ಚು. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಇದಕ್ಕೂ ಟೈಮಿಂಗ್ ಚೈನ್ ಸವೆತಕ್ಕೂ ಪರೀಕ್ಷೆಗಳಿವೆ. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುವ ಎಂಜಿನ್‌ಗಳಲ್ಲಂತೂ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಲೇಬೇಡಿ. ಬೆಲ್ಟಿನ ರಬ್ಬರು ಉಬ್ಬಿ, ಚೂರು ಚೂರಾಗಿ ಉದುರಿ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿರುವ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಯಿಲ್ ಒತ್ತಡ ಕುಸಿದು ಎಂಜಿನ್ ಹಾಳಾಗುತ್ತದೆ.

ಪ್ರಶ್ನೆ: ಕೈಪಿಡಿಯಲ್ಲಿ 5ಡಬ್ಲ್ಯು-30 ಇದೆ. ಗಾಡಿ 90,000 ಕಿ.ಮೀ. ಓಡಿದೆ. ‘ಎಂಜಿನ್ ಸವೆದಿದೆ, ಇನ್ನು 20ಡಬ್ಲ್ಯು-50 ಹಾಕಿ, ದಪ್ಪ ಇದ್ದಷ್ಟೂ ರಕ್ಷಣೆ’ ಅನ್ನುತ್ತಾರೆ ಮೆಕ್ಯಾನಿಕ್. ಹಾಕಲೇ?

ಉತ್ತರ: ಬೇಡ. ಸರಿಯಾಗಿ ನೋಡಿಕೊಂಡ ಎಂಜಿನ್‌ಗೆ 90,000 ಕಿ.ಮೀ. ಮುಪ್ಪಲ್ಲ.

ಗ್ರೇಡಿನ ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ; ಚಿಕ್ಕದಿದ್ದಷ್ಟೂ ಒಳ್ಳೆಯದು. ಎರಡನೆಯದು ಬಿಸಿಯಾದಾಗಿನ ಸ್ನಿಗ್ಧತೆ, ಅಂದರೆ ಆಯಿಲ್ ಎಷ್ಟು ದಪ್ಪ ಎಂಬುದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ‘30’ರ ಅಳತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, ‘40’ರದು 12.5ರಿಂದ 16.3 ಒಳಗೆ, ‘50’ರದು 16.3ರಿಂದ 21.9 ಒಳಗೆ ಇರಬೇಕು. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ 100 ಡಿಗ್ರಿಯಲ್ಲಿರುವುದಿಲ್ಲ. 40 ಡಿಗ್ರಿಯಲ್ಲೇ ಅಳೆದರೂ 20ಡಬ್ಲ್ಯು-50 ಸಾಮಾನ್ಯವಾಗಿ 5ಡಬ್ಲ್ಯು-30ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಅಷ್ಟು ದಪ್ಪದ್ದು ಕ್ಯಾಮ್‌ಶಾಫ್ಟ್, ಟರ್ಬೊ ಬೇರಿಂಗ್ ತಲುಪುವುದು ತಡ, ಮತ್ತು ಸವೆತದ ದೊಡ್ಡ ಪಾಲು ಆಗುವುದು ಎಂಜಿನ್ ತಣ್ಣಗಿರುವ ಆ ಹೊತ್ತಿನಲ್ಲೇ. ವಾಲ್ವ್ ಟೈಮಿಂಗ್ ಬದಲಿಸುವ ಬಿಡಿಭಾಗಗಳೂ ಹೈಡ್ರಾಲಿಕ್ ಟ್ಯಾಪೆಟ್‌ಗಳೂ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಅವುಗಳ ಸಣ್ಣ ರಂಧ್ರಗಳಿಗೆ ತಕ್ಕ ಆಯಿಲ್ ಬೇಕು.

ಕೈಪಿಡಿಯ ಪಟ್ಟಿಯಲ್ಲಿ 5ಡಬ್ಲ್ಯು-40 ಕೂಡ ಇದ್ದು, ನೀವು ಸೆಕೆಯಲ್ಲಿ ಭಾರ ಹೊತ್ತು ಘಟ್ಟ ಹತ್ತುವವರಾದರೆ ಆ ಒಂದು ಮೆಟ್ಟಿಲು ಏರಬಹುದು. ಆಯಿಲ್ ಕಡಿಮೆಯಾಗುತ್ತಿದೆ ಎಂಬುದೇ ದಪ್ಪದ್ದನ್ನು ಸೂಚಿಸಲು ಕಾರಣವಾಗಿದ್ದರೆ, ಮೊದಲು ಪಿಸಿವಿ ವಾಲ್ವ್ (ಸಂಪಿನ ಆವಿಯನ್ನು ಎಂಜಿನ್‌ನ ಗಾಳಿ ದಾರಿಗೆ ಕಳಿಸುವ ವಾಲ್ವ್) ಕಟ್ಟಿಕೊಂಡಿದೆಯೇ ನೋಡಿಸಿ. ಅದು ಸಣ್ಣ ಕೆಲಸ, ಅದರಿಂದಲೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಿಟ್ಟು, ಆ ಹೊಗೆ ಬೇಗ ನಿಂತರೆ ದೋಷ ವಾಲ್ವ್ ಸೀಲಿನದು. ಆಕ್ಸಿಲರೇಟರ್ ಒತ್ತಿ ಹತ್ತುವಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗಿನದು. ದಪ್ಪ ಆಯಿಲ್ ಈ ದೋಷಗಳನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ಅಷ್ಟೇ.

ಪ್ರಶ್ನೆ: ಹೊಸ ಆಯಿಲ್ ಹಾಕಿಸಿ ಸಾವಿರ ಕಿ.ಮೀ. ಆಗಿಲ್ಲ, ಆಗಲೇ ಕಪ್ಪಾಗಿದೆ. ಕೆಟ್ಟಿತೇ?

ಉತ್ತರ: ಇಲ್ಲ. ಡೀಸೆಲ್ ಎಂಜಿನ್‌ನಲ್ಲಿ ಒಂದೆರಡು ದಿನಕ್ಕೇ ಕಪ್ಪಾಗುವುದುಂಟು. ಮಸಿಯನ್ನು ಗೋಡೆಗೆ ಅಂಟಗೊಡದೆ ತನ್ನಲ್ಲೇ ಹಿಡಿದಿಟ್ಟುಕೊಂಡಿದೆ ಎಂದರ್ಥ. ಬಣ್ಣ ನೋಡಿ ಆಯಿಲ್ ಬದಲಿಸುವ ಕಾಲ ನಿರ್ಧರಿಸಲಾಗದು.

ಪ್ರಶ್ನೆ: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿ. ಎಸಿಇಎ ಸಿ3 ಸಿಗಲಿಲ್ಲವೆಂದು ಎ3/ಬಿ4 ಹಾಕಿದ್ದಾರೆ. ಎರಡೂ 5ಡಬ್ಲ್ಯು-30, ಎರಡೂ ಸಿಂಥೆಟಿಕ್. ಏನು ವ್ಯತ್ಯಾಸ?

ಉತ್ತರ: ಬೂದಿಯ ವ್ಯತ್ಯಾಸ. ಹೊಗೆಯಲ್ಲಿನ ಮಸಿಯನ್ನು ಡಿಪಿಎಫ್ ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆಯಿಲ್ ಸುಟ್ಟಾಗ ಅದರ ಡಿಟರ್ಜೆಂಟಿನ ಲೋಹದಿಂದ ಉಳಿಯುವ ಬೂದಿ ಮಾತ್ರ ಸುಡುವುದಿಲ್ಲ. ಫಿಲ್ಟರಿನೊಳಗೆ ಶಾಶ್ವತವಾಗಿ ಕೂರುತ್ತದೆ. ಸಿ3ರಲ್ಲಿ ಸಲ್ಫೇಟೆಡ್ ಬೂದಿ ಶೇ 0.8 ಮೀರುವಂತಿಲ್ಲ, ಎ3/ಬಿ4ರಲ್ಲಿ ಶೇ 1.6ರವರೆಗೂ ಇರಬಹುದು. ಒಂದು ಸಲ ಹಾಕಿದ್ದರಿಂದ ಡಿಪಿಎಫ್ ಹಾಳಾಗುವುದಿಲ್ಲ, ಗಾಬರಿ ಬೇಡ. ಅವಧಿ ಪೂರ್ತಿ ಓಡಿಸದೆ ಬೇಗ ಬದಲಿಸಿ ಸಿ3ಕ್ಕೆ ಮರಳಿ. ಎಂಜಿನ್ ಆಯಿಲ್ ಕುಡಿಯುವಂಥದ್ದಾದರೆ ಇನ್ನೂ ಬೇಗ.

ಸಿ2 ಮತ್ತು ಸಿ3 ಎರಡರಲ್ಲೂ ಬೂದಿ ಕಡಿಮೆ, ಆದರೆ ಅವು ಒಂದೇ ಅಲ್ಲ. 150 ಡಿಗ್ರಿ ಶಾಖದಲ್ಲಿ, ಬೇರಿಂಗಿನಲ್ಲಿ ಅರೆಯುವಂಥ ಒತ್ತಡದಲ್ಲಿ ಉಳಿಯಬೇಕಾದ ಸ್ನಿಗ್ಧತೆ ಸಿ3ಕ್ಕೆ ಕನಿಷ್ಠ 3.5 ಮಿಲಿಪಾಸ್ಕಲ್ ಸೆಕೆಂಡ್, ಸಿ2ಕ್ಕೆ ಕನಿಷ್ಠ 2.9. ಸಿ3 ಕೇಳುವ ಎಂಜಿನ್‌ಗೆ ಸಿ2 ಹಾಕಬೇಡಿ.

ಪ್ರಶ್ನೆ: ಕೈಪಿಡಿ 15,000 ಕಿ.ಮೀ. ಅಥವಾ ಒಂದು ವರ್ಷ ಎನ್ನುತ್ತದೆ. ನನ್ನ ಓಡಾಟ ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ. ವರ್ಷಕ್ಕೆ 3,000 ದಾಟುವುದಿಲ್ಲ. ಸಿಂಥೆಟಿಕ್ ತಾನೇ, ಎರಡು ವರ್ಷ ಬಿಡಬಹುದೇ?

ಉತ್ತರ: ಬಿಡಬೇಡಿ. ಕಡಿಮೆ ಓಡುವ ಗಾಡಿಯ ಆಯಿಲ್ ಹೆಚ್ಚು ಓಡುವ ಗಾಡಿಯದಕ್ಕಿಂತ ಬೇಗ ಕೆಡಬಹುದು ಎಂಬುದನ್ನು ಅನೇಕರು ನಂಬುವುದೇ ಇಲ್ಲ.

ತಣ್ಣನೆಯ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಜಾರಿ ಸಂಪಿಗೆ ಇಳಿಯುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಾವಿಯೂ ರಿಂಗು ದಾಟಿ ಬಂದು ಒಳಗೆ ಹನಿಗಟ್ಟುತ್ತದೆ. ದೂರ ಓಡಿದರೆ ಆಯಿಲ್ 90–100 ಡಿಗ್ರಿಗೆ ಏರಿ ಎರಡನ್ನೂ ಆವಿ ಮಾಡಿ ಹೊರಗಟ್ಟುತ್ತದೆ. ಐದು ಕಿಲೋಮೀಟರಿನಲ್ಲಿ ಅಷ್ಟು ಕಾಯುವುದಿಲ್ಲ. ರೇಡಿಯೇಟರ್ ನೀರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ಹಿಂದೆಯೇ ಇರುತ್ತದೆ. ಪೆಟ್ರೋಲ್ ಆಯಿಲ್ ಅನ್ನು ತೆಳು ಮಾಡುತ್ತದೆ. ನೀರು ಆಮ್ಲದೊಂದಿಗೆ ಸೇರಿ ಡಿಟರ್ಜೆಂಟಿನ ಕ್ಷಾರವನ್ನು ತಿಂದುಹಾಕುತ್ತದೆ, ಗಸಿ ಕಟ್ಟುತ್ತದೆ. ಮೂಲ ಎಣ್ಣೆ ಎಷ್ಟೇ ಉತ್ತಮವಿರಲಿ, ಇವೆರಡನ್ನೂ ತಡೆಯಲಾರದು.

ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂಬ ಬೇರೆ ಪಟ್ಟಿ ಇರುತ್ತದೆ. ಸಣ್ಣ ಓಡಾಟ, ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗುವುದು, ಧೂಳಿನ ರಸ್ತೆ, ಭಾರ ಎಳೆಯುವುದು ಎಲ್ಲ ಅದರಲ್ಲಿ ಬರುತ್ತವೆ. ನಿಮ್ಮದು ಆ ಪಟ್ಟಿಯ ಗಾಡಿ. ಅಲ್ಲಿ ಹೇಳಿದ ಅವಧಿಗೇ ಬದಲಿಸಿ. ಹಾಗೆ ಪಟ್ಟಿ ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ. ವಾರಕ್ಕೊಮ್ಮೆ ಅರ್ಧ ಗಂಟೆಗೂ ಹೆಚ್ಚು ಹೆದ್ದಾರಿಯ ವೇಗದಲ್ಲಿ ಓಡಿಸಿದರೆ ತುಂಬ ಅನುಕೂಲ. ನಿಂತಲ್ಲೇ ಎಂಜಿನ್ ಓಡಿಸುವುದರಿಂದ ಆಯಿಲ್ ಸರಿಯಾಗಿ ಕಾಯುವುದಿಲ್ಲ, ಪೆಟ್ರೋಲ್ ಇನ್ನಷ್ಟು ಇಳಿಯುತ್ತದೆ.

ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಮೇಲೇರಿದರೆ ಸಂತೋಷ ಪಡಬೇಡಿ, ಅದು ಇಂಧನ ಸೇರಿದ ಲಕ್ಷಣ. ಡಿಪಿಎಫ್ ತನ್ನನ್ನು ತಾನು ಶುದ್ಧ ಮಾಡಿಕೊಳ್ಳುವಾಗ ಪದೇ ಪದೇ ಗಾಡಿ ನಿಲ್ಲಿಸಿದರೂ ಹೀಗೇ ಆಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಹಾಲಿನ ಕೆನೆಯಂಥದ್ದು ಕಂಡರೆ ತೇವಾಂಶವಿರಬಹುದು. ಡಿಪ್‌ಸ್ಟಿಕ್ಕಿನಲ್ಲೂ ಕಂಡು, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನಿಸಿ, ಗಾಡಿ ಓಡಿಸುವುದನ್ನು ನಿಲ್ಲಿಸಿ.

ಖಚಿತವಾಗಿ ತಿಳಿಯಬೇಕಿದ್ದರೆ ಬಳಸಿದ ಆಯಿಲ್‌ನ ಲ್ಯಾಬ್ ಪರೀಕ್ಷೆ ಇದೆ. ಬೆಚ್ಚಗಿನ ಎಂಜಿನ್‌ನಿಂದ ಆಯಿಲ್ ಇಳಿಸುವಾಗ ಮೊದಲ ಮತ್ತು ಕೊನೆಯ ಧಾರೆ ಬಿಟ್ಟು ನಡುವಿನದನ್ನು ಒಣಗಿದ ಶುದ್ಧ ಬಾಟಲಿಗೆ ಹಿಡಿಯಿರಿ. ವರದಿಯಲ್ಲಿ ಸಿಲಿಕಾನ್ ಜೊತೆಗೆ ಕಬ್ಬಿಣವೂ ಏರಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಬರುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಸೋರಿಕೆಯ ಸುಳಿವು. ತಾಮ್ರ, ಸೀಸ ಏರಿದ್ದರೆ ಬೇರಿಂಗ್ ಕಡೆ ಗಮನ ಕೊಡಿ. ಒಂದೇ ವರದಿಯಿಂದ ತೀರ್ಮಾನಕ್ಕೆ ಬರದೆ ಎರಡು ಮೂರನ್ನು ಹೋಲಿಸಿ ನೋಡಿ.

ಪ್ರಶ್ನೆ: ಹಳೆ ಎಂಜಿನ್‌ಗೆ ಮಿನರಲ್ ಬಿಟ್ಟು ಸಿಂಥೆಟಿಕ್ ಹಾಕಿದರೆ ಸೋರುತ್ತದಂತೆ, ಹೌದೇ?

ಉತ್ತರ: ದಶಕಗಳ ಹಿಂದಿನ ಕೆಲವು ಸಿಂಥೆಟಿಕ್‌ಗಳು ಸೀಲುಗಳನ್ನು ಕುಗ್ಗಿಸುತ್ತಿದ್ದುದರಿಂದ ಹುಟ್ಟಿದ ಮಾತದು. ಈಗಿನವು ಸೀಲಿಗೆ ಹೊಂದುವಂತೆಯೇ ತಯಾರಾಗುತ್ತವೆ. ಆದರೆ ಸೀಲು ಆಗಲೇ ಗಟ್ಟಿಯಾಗಿ ಬಿರಿದಿದ್ದು, ಬಿರುಕಿಗೆ ಗಸಿ ಮೆತ್ತಿಕೊಂಡು ಸೋರಿಕೆ ನಿಂತಿದ್ದರೆ, ಆ ಗಸಿ ಕರಗಿದಾಗ ಸೋರಬಹುದು. ಹಾಗಾದರೆ ಸೀಲು ಬದಲಿಸಿ. ಹೆಚ್ಚು ಗಸಿ ಇರುವ ಎಂಜಿನ್‌ಗೆ ಸಿಂಥೆಟಿಕ್ ಹಾಕಿದ ಮೊದಲ ಎರಡು ಸಲ ಅವಧಿಯನ್ನು ಅರ್ಧಕ್ಕಿಳಿಸಿ, ಪ್ರತಿ ಸಲ ಫಿಲ್ಟರ್ ಬದಲಿಸಿ. ಹತ್ತು ನಿಮಿಷದಲ್ಲಿ ಎಲ್ಲ ತೊಳೆಯುತ್ತೇವೆ ಎನ್ನುವ ಫ್ಲಶ್ ದ್ರವ ಬೇಡ. ಕಿತ್ತುಬಂದ ಗಟ್ಟಿ ಗಸಿ ಪಂಪಿನ ಜಾಲರಿಯನ್ನೇ ಕಟ್ಟಬಹುದು.

ಪ್ರಶ್ನೆ: ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಬೇರೆ ಕಂಪನಿಯದನ್ನು ಬೆರೆಸಬಹುದೇ? ಮೇಲೆ ಸುರಿಯುವ ಅಡಿಟಿವ್ ಬಾಟಲಿಗಳು ಒಳ್ಳೆಯವೇ?

ಉತ್ತರ: ಧಾರಾಳವಾಗಿ ಬೆರೆಸಿ. ಎಂಜಿನ್ ಆಯಿಲ್‌ಗಳು ಪರಸ್ಪರ ಬೆರೆಯುವಂತೆಯೇ ಇರುತ್ತವೆ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದೇ ನಿಜವಾದ ಅಪಾಯ. ಅಡಿಟಿವ್ ಬೇಡ, ತಯಾರಕರು ಅಳೆದು ಹಾಕಿದ ಪ್ರಮಾಣ ಏರುಪೇರಾಗುತ್ತದೆ.

ಪ್ರಶ್ನೆ: ಉಳಿದ ಕಾರಿನ ಸಿಂಥೆಟಿಕ್ ಆಯಿಲ್ ಬೈಕಿಗೆ ಹಾಕಲೇ?

ಉತ್ತರ: ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಬೈಕಾದರೆ ಹಾಕಬೇಡಿ. ಕಾರಿನ ಆಯಿಲ್‌ನ ಘರ್ಷಣೆ ತಗ್ಗಿಸುವ ಅಂಶಗಳಿಂದ ಕ್ಲಚ್ ಜಾರಬಹುದು. ಡಬ್ಬದ ಮೇಲೆ ಜಪಾನಿನ ಜಾಸೋ ಮಾನದಂಡದ ಎಂಎ ಅಥವಾ ಎಂಎ2 ದರ್ಜೆ ಇರಬೇಕು. ಎಂಬಿ ಎಂದಿರುವುದು ಒಣ ಕ್ಲಚ್ಚಿನ ಸ್ಕೂಟರುಗಳಿಗೆ.

ಪ್ರಶ್ನೆ: ಆಯಿಲ್ ನಾನೇ ಬದಲಿಸಬೇಕೆಂದಿದ್ದೇನೆ. ಎಲ್ಲಿ ತಪ್ಪಾಗುತ್ತದೆ?

ಉತ್ತರ: ಹೆಚ್ಚಾಗಿ ವಾಷರ್, ಫಿಲ್ಟರ್ ಗ್ಯಾಸ್ಕೆಟ್ ಮತ್ತು ಅಳತೆ, ಈ ಮೂರರಲ್ಲಿ.

ಎಂಜಿನ್ ಐದಾರು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾಗಲಿ, ಕೈ ಸುಡುವಷ್ಟು ಬೇಡ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಜಾಕ್ ಮೇಲಷ್ಟೇ ನಿಂತ ಗಾಡಿಯ ಕೆಳಗೆ ದಯವಿಟ್ಟು ಹೋಗಬೇಡಿ. ಸ್ಟ್ಯಾಂಡ್ ಕೊಟ್ಟೇ ಹೋಗಿ. ಮೇಲಿನ ಮುಚ್ಚಳ ಸಡಿಲಿಸಿ ಡ್ರೇನ್ ಬೋಲ್ಟ್ ಬಿಚ್ಚಿ, ಕಾಲು ಗಂಟೆ ಸೋರಲು ಬಿಡಿ. ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ. ಅಂದಾಜಿನಲ್ಲಿ ಬಿಗಿದರೆ ಅಲ್ಯುಮಿನಿಯಂ ಸಂಪಿನ ಥ್ರೆಡ್ (ಬೋಲ್ಟ್ ಕೂರುವ ತಿರುಪು ಗೆರೆ) ಕಿತ್ತುಬರುತ್ತದೆ.

ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆ ಅದರೊಂದಿಗೇ ಬಂತೇ ನೋಡಿ. ಎಂಜಿನ್‌ಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದನ್ನು ಕೂರಿಸಿದರೆ, ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಆಯಿಲ್ ಪೂರ್ತಿ ಹೊರಗೆ ಹಾರಬಹುದು. ಹೊಸ ಬಳೆಗೆ ಆಯಿಲ್ ಸವರಿ, ತಾಕಿದ ಮೇಲೆ ಫಿಲ್ಟರಿನ ಮೇಲೆ ಬರೆದಷ್ಟೇ ತಿರುಗಿಸಿ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಿಂದಲೇ.

ಕೈಪಿಡಿಯಲ್ಲಿ 4 ಲೀಟರ್ ಎಂದಿದ್ದರೆ ಮೊದಲು ಮೂರೂವರೆ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ನಿಲ್ಲಿಸಿ. ಆರಿದರೆ ಒಂದು ನಿಮಿಷ ಓಡಿಸಿ, ಕೆಳಗೆ ಸೋರಿಕೆ ನೋಡಿ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅಳೆಯಿರಿ. ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಮೇಲಿನ ಗುರುತಿಗಿಂತ ತುಸು ಕೆಳಗೆ ನಿಲ್ಲಿಸಿ. ಗುರುತು ಮೀರಿ ಹೆಚ್ಚು ತುಂಬಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲ್ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ತುಂಬಿದ ಆಯಿಲ್ ಬೇರಿಂಗನ್ನು ಕಾಯದು. ಹಳೆ ಆಯಿಲ್ ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ಬಳಸಿದ ಆಯಿಲ್ ಕೊಳ್ಳುವ ಅಥವಾ ಸಂಗ್ರಹಿಸುವವರಿಗೆ ಕೊಡಿ. ಮಣ್ಣಿಗೂ ಚರಂಡಿಗೂ ಸುರಿಯಬೇಡಿ. ಮೊದಲ ನೂರು ಕಿಲೋಮೀಟರಿನೊಳಗೆ ಇನ್ನೊಮ್ಮೆ ಮಟ್ಟ ಅಳೆದು, ಬೋಲ್ಟ್ ಮತ್ತು ಫಿಲ್ಟರಿನ ಸುತ್ತ ಬೆರಳಾಡಿಸಿ ಒದ್ದೆ ಇದೆಯೇ ನೋಡಿ.